ಆಯುಧಪೂಜೆಯಲ್ಲಿ ಕಂಪ್ಯೂಟರಿನ ನಾಮಕರಣ

ಶಂಕರಪುರದ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರತಿ ಟೈಪ್‌ರೈಟರಿಗೂ ಒಂದು ದೇವರ ಹೆಸರಿತ್ತು. ಯಜಮಾನರು ಆಯುಧಪೂಜೆಯ ದಿನ ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದರು. ಎರಡು ಸಾವಿರನೇ ಇಸವಿಯ ಆಚೀಚೆ ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರ್ ಬಂದಾಗ, ಅದರಲ್ಲಿದ್ದ ತಂತ್ರಾಂಶ ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಕಲಿಸುತ್ತೇನೆಂದು ನಾನೇ ಮುಂದೆ ಬಿದ್ದು ಅವರನ್ನು ಒಪ್ಪಿಸಿದ್ದೆ. ಅವರ ಭಾವಮೈದುನನಿಗೆ ಅದು ಒಂಚೂರೂ ಹಿಡಿಸಿರಲಿಲ್ಲ. "ಪುಗಸಟ್ಟೆ ಸಿಕ್ರೆ ನನಗೊಂದು, ನಮ್ಮಪ್ಪನಿಗೊಂದು ಅಂತಾರಲ್ಲ, ಹಾಗಾಯ್ತು," ಎಂದು ಆಡಿಕೊಂಡಿದ್ದ. ವಿಜಯದಶಮಿಯ ಮೊದಲ ಪಾಠ ಕೆಟ್ಟರೆ ಕ್ಲಾಸೂ ಇಲ್ಲ, ನನ್ನ ಕೆಲಸವೂ ಇಲ್ಲ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು.

ಹಿಂದಿನ ದಿನ ಪೂಜೆ. ಕಂಪ್ಯೂಟರಿಗೂ ಹೆಸರು ಬೇಕೆಂದರು ಯಜಮಾನರು. ಮಾನಿಟರಿಗೆ ಕುಂಕುಮವಿಟ್ಟಿದ್ದಾಯಿತು. ಯಂತ್ರದ ಹೆಸರು ಬದಲಿಸುವ ಆಜ್ಞೆಯನ್ನು ನಾನು ಬರೆದುಕೊಟ್ಟೆ. ತಮ್ಮ ಮನೆದೇವರ ಹೆಸರನ್ನು ಅವರೇ ಒಂದೊಂದೇ ಅಕ್ಷರ ಒತ್ತಿದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದಲ್ಲ, ಕಂಪ್ಯೂಟರನ್ನು ಆರಿಸಲೂ ಬಿಡಲಿಲ್ಲ.

ಬೆಳಿಗ್ಗೆ ವಿದ್ಯಾರ್ಥಿಗಳೂ ಅವರ ಮನೆಯವರೂ ಬಂದು ಕೂತರು. ಚಿತ್ರ ಬರೆಯುವ ಪ್ರೋಗ್ರಾಂ ತೆರೆಯಲು ಹೋದೆ. ಪರದೆಯ ಮೇಲೆ ಅದರ ಕಿಟಕಿ ತೆರೆಯಲಿಲ್ಲ. ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಬೇರೆ ಪ್ರೋಗ್ರಾಂಗೂ ಅದೇ ಸಾಲು. ಪರದೆ ಕಣ್ಣೆದುರಿಗೇ ಬೆಳಗುತ್ತಿದೆ, ಯಂತ್ರ ಮಾತ್ರ ತೆರೆಯಲಾಗದು ಅನ್ನುತ್ತಿದೆ. ಕೇಬಲ್ ಒತ್ತಿ ನೋಡಿದೆ. ಸಿಟ್ಟು ಬಂತು, ಭಯವೂ ಆಯಿತು.

"ಗಣೇಶನ್ನ ಮಾಡಕ್ಕೋಗಿ ಅವರಪ್ಪನ್ನ ಮಾಡಿದ್ರಲ್ಲ ಮೇಡಂ. ಬಿಡಿ, ಹಳೇದನ್ನೇ ಹಾಕ್ತೀನಿ," ಎಂದ ಭಾವಮೈದುನ. ಹಳೆಯ ತಂತ್ರಾಂಶದ ಸಿ.ಡಿ. ಆಗಲೇ ಕೈಯಲ್ಲಿತ್ತು.

"ಐದು ನಿಮಿಷ ಕೂತ್ಕೊಳ್ಳಿ," ಎಂದೆ.

ಪೂಜೆಗೆ ಮುಂಚೆ ತೆರೆದಿದ್ದ ಕಿಟಕಿಗಳು ಚೆನ್ನಾಗೇ ಇದ್ದವು. ಹೊಸದಾಗಿ ಬರುವವಕ್ಕೆ ಮಾತ್ರ ಪ್ರವೇಶವಿಲ್ಲ. ನಡುವೆ ಆದದ್ದು ನಾಮಕರಣ ಒಂದೇ. ಆಗ ನನ್ನ ಮದುವೆ ನೆನಪಾಯಿತು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಗಂಡನ ಮನೆಯವರು ನನಗೆ ಹೊಸ ಹೆಸರು ಬರೆಸಿದ್ದರು. ಆಮೇಲೆ ಬ್ಯಾಂಕಿನಲ್ಲಿ, ಈ ಹೆಸರಿನವರ ಖಾತೆ ನಮ್ಮಲ್ಲಿಲ್ಲ ಎಂದು ನನ್ನನ್ನೇ ವಾಪಸ್ಸು ಕಳಿಸಿದ್ದರು. ಇಲ್ಲೂ ಅದೇ ಕಥೆ. ಪರದೆಯನ್ನು ಬಳಸುವ ಪರವಾನಗಿ ಯಂತ್ರದ ಹಳೆಯ ಹೆಸರಿನಲ್ಲೇ ಉಳಿದಿತ್ತು.

ಹಳೆಯ ಹೆಸರನ್ನೇ ಮತ್ತೆ ಕೊಟ್ಟು ಪ್ರೋಗ್ರಾಂ ಕರೆದೆ. ಕಿಟಕಿ ತೆರೆಯಿತು. ಇನ್ನೊಂದನ್ನು ಕರೆದೆ, ಅದೂ ಬಂತು. ಬೇಕೆಂದೇ ಪರದೆ ತುಂಬ ಕಿಟಕಿ ತೆರೆದೆ. ಹಿಂದಿನ ಬೆಂಚಿನ ತಾಯಿಯೊಬ್ಬರು ಚಪ್ಪಾಳೆ ತಟ್ಟಿದರು, ಭಾವಮೈದುನ ಸಿ.ಡಿ.ಯನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದ. ನನ್ನ ಖುಷಿಗೆ ಮಿತಿಯೇ ಇರಲಿಲ್ಲ.

ಪಾಠ ಮುಗಿದ ಮೇಲೆ, ಯಜಮಾನರ ಸಮಾಧಾನಕ್ಕಾಗಿ ಮನೆದೇವರ ಹೆಸರನ್ನೇ ಖಾಯಮ್ಮಾಗಿ ಕೊಟ್ಟು, ಯಂತ್ರವನ್ನು ಆರಿಸಿ ಹಚ್ಚಿದೆ. ಹೊಸ ಹೆಸರಿಗೆ ಹೊಸ ಪರವಾನಗಿ ಸಿಕ್ಕಿ ಎಲ್ಲವೂ ತೆರೆಯಿತು. ಅವರು ಕೈಮುಗಿದರು. ನಾನು ಹೊರಡುವಾಗ ಬಿಳಿ ಬಣ್ಣದ ಡಬ್ಬಿ ಹಿಡಿದು ಬಾಗಿಲಿಗೆ ಬಂದರು.

"ಬೋರ್ಡ್ ಮೇಲೆ ಟೀಚರ್ ಹೆಸರು ಬರೆಸ್ಬೇಕಮ್ಮ. ಏನಂತ ಬರೆಸ್ಲಿ?"

ಮದುವೆಯಾದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಪ್ಪ ಇಟ್ಟ ಹೆಸರನ್ನು ಹೇಳಿದೆ.