ಎಡಕ್ಕೆ ಹೋಗಲು ಕಲಿತದ್ದು

ದೆಹಲಿಯ ಮಯೂರ್ ವಿಹಾರ್‌ನ ನಮ್ಮ ವಸತಿ ಸೊಸೈಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣವಿತ್ತು. ಆದರೆ ಬುಟ್ಟಿಗೆ ಮುಖ ಮಾಡಿ ನಿಂತರೆ ಎಡಭಾಗದ ತುಂಬ ಕಾರುಗಳು. ನಾನು ಶಾಲೆಯ ದಿನಗಳಿಂದಲೂ ಬಲಕ್ಕೆ ಮಾತ್ರ ನುಗ್ಗಿ ಆಟ ಕಲಿತವಳು. ಅದೊಂದು ಕೊರತೆ ಎಂದು ತಿಳಿದದ್ದು ವಿಶ್ವವಿದ್ಯಾಲಯದ ತಂಡದ ಅಭ್ಯಾಸಕ್ಕೆ ಹೋದಾಗ.

ನನ್ನದು ವಿಂಗ್ ಸ್ಥಾನ. ಅಂಕಣದ ಪಕ್ಕದಿಂದ ಆಡುವವಳು. ಯಾರಾದರೂ ಚೆಂಡನ್ನು ಸರಿಯಾಗಿ ಕೈಗೆ ಕೊಟ್ಟರೆ ಎಸೆಯುತ್ತಿದ್ದೆ. ಎಸೆಯುವ ಅವಕಾಶವನ್ನು ನಾನೇ ಮಾಡಿಕೊಳ್ಳುವುದು ಗೊತ್ತಿರಲಿಲ್ಲ. ಮೂರನೆಯ ದಿನದಿಂದ ಎದುರಾಳಿಗಳೆಲ್ಲ ನನ್ನ ಬಲಗಡೆಯೇ ನಿಲ್ಲತೊಡಗಿದರು.

“ಎಡಗಡೆ ಏನು, ಗೋಡೆ ಇದೆಯಾ?” ಎಂದು ಕೋಚ್ ಹಿಂದಿಯಲ್ಲಿ ಕೇಳಿದರು. ಕಾರುಗಳಿವೆ ಎನ್ನಲು ನಾಚಿಕೆಯಾಯಿತು. ಆಯ್ಕೆಗೆ ಮೂರು ವಾರಗಳಿದ್ದವು. ಅದು ಕಾಲೇಜಿನಲ್ಲಿ ನನ್ನ ಕೊನೆಯ ವರ್ಷ.

ಮನೆಯಲ್ಲಿ ಹೇಳುವ ಯೋಚನೆ ಇರಲಿಲ್ಲ. ಊಟದ ಹೊತ್ತಿಗೆ ಹೇಗೋ ಬಾಯಿಗೆ ಬಂತು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಎಂಥ ತೊಂದರೆಗೂ ಅವರ ಬಳಿ ಇರುವ ಉಪಾಯ ಒಂದೇ: ಅರ್ಜಿ. ಹಿಂದಿಯಲ್ಲಿ ವಿನಯಪೂರ್ವಕ ಮನವಿ ಬರೆದು, ಪ್ರತಿಗಳನ್ನು ಮಾಡಿಸಿ, ಒಂದೊಂದು ಕಾರಿನ ವೈಪರ್‌ಗೂ ಸಿಕ್ಕಿಸಿ ಬಂದರು. ಬೆಳಿಗ್ಗೆ ಆರರಿಂದ ಏಳರವರೆಗೆ ಜಾಗ ಬಿಡಬೇಕಾಗಿ ಕೋರಿಕೆ. ಮರುದಿನ ಮೂರು ಕಾರುಗಳು ಸರಿದಿದ್ದವು. ಅಷ್ಟು ಸಾಕಾಯಿತು.

ಅಪ್ಪ ಕೈ ಅಗಲಿಸಿ ನನ್ನ ಬಲಕ್ಕೆ ನಿಂತರು. “ಈ ಕಡೆ ರಸ್ತೆ ಬಂದ್. ಎಡಕ್ಕೆ ಡೈವರ್ಷನ್.”

“ಅಪ್ಪಾ, ಹಾಗೆ ತೋಳಿಂದ ತಡೆದ್ರೆ ಫೌಲ್.”

“ನಂಗೆ ಲಿಖಿತ ಆದೇಶ ಬಂದಿಲ್ಲಮ್ಮ.”

ಮೊದಲ ವಾರ ಎಡಗೈಯ ಚೆಂಡು ಕಾಲಿಗೇ ಬಡಿಯುತ್ತಿತ್ತು. ಆಮೇಲೊಂದು ಸಂಗತಿ ಗಮನಕ್ಕೆ ಬಂತು. ಎಡಕ್ಕೆ ಎರಡು ಹೆಜ್ಜೆ ಜೋರಾಗಿ ಹೋಗಿ ತಟ್ಟನೆ ನಿಂತರೆ, ಅಪ್ಪ ನಿಲ್ಲಲಾರದೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ಆ ಒಂದು ಹೆಜ್ಜೆಯ ಜಾಗವೇ ನನ್ನದು. ಅಲ್ಲಿಂದ ನಿರಾಳವಾಗಿ ಎಸೆಯಬಹುದಿತ್ತು.

ಬೆಂಚಿನ ಮೇಲೆ ಚಹಾ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದ ಅಮ್ಮನನ್ನೂ ಎಬ್ಬಿಸಿದೆ. ನಾನು ಅಪ್ಪನನ್ನು ದಾಟಿದ ಕೂಡಲೇ ಅಮ್ಮ ಅಡ್ಡ ಬರಬೇಕು. ಅಮ್ಮ ಬಂದರೆ ಬೆಂಚಿನ ಬಳಿ ಕಾಯುವವರಿಲ್ಲ ಎಂದರ್ಥ. ಆಗ ನಾನು ಚೆಂಡನ್ನು ಅಲ್ಲಿಗೆ ಪಾಸ್ ಮಾಡಬೇಕು.

“ನನ್ನ ಫ್ಲಾಸ್ಕ್ ಒಡೆದ್ರೆ ನೋಡು, ಚಹಾ ನೀನೇ ಮಾಡ್ಬೇಕು!”

ಆಯ್ಕೆಯ ದಿನ ನನ್ನನ್ನು ತಡೆಯಬೇಕಿದ್ದ ಹುಡುಗಿ ಎಂದಿನಂತೆ ಬಲಕ್ಕೆ ನಿಂತಳು. ಎಡಕ್ಕೆ ಹೋದೆ, ನಿಂತೆ, ಎಸೆದೆ. ಚೆಂಡು ಬುಟ್ಟಿಯ ಅಂಚು ಸುತ್ತಿ ಒಳಗೆ ಬಿತ್ತು. ಮುಂದಿನ ಸಲ ಚೆಂಡು ಕೈ ಜಾರಿ ಹೊರಗೆ ಹೋಯಿತು. ಕೋಚ್ ಏನೋ ಬರೆದುಕೊಂಡರು. ಅದರ ಮುಂದಿನ ಸಲ ನನ್ನ ಮೇಲೆ ಇಬ್ಬರು ಬಂದರು. ಎರಡನೆಯವಳು ಬಿಟ್ಟುಬಂದ ಮೂಲೆಯಲ್ಲಿ ನಮ್ಮ ತಂಡದವಳೊಬ್ಬಳು ಒಂಟಿಯಾಗಿದ್ದಳು. ಪಾಸ್ ಮಾಡಿದೆ, ಅವಳು ಆತುರಪಡದೆ ಎಸೆದು ಅಂಕ ಗಳಿಸಿದಳು.

ಸಂಜೆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮೆಟ್ರೊದಲ್ಲಿ ಸೀಟು ಸಿಕ್ಕಿತು. ಮನೆಗೆ ಫೋನ್ ಮಾಡಿದೆ.

“ಆಯ್ತಾ?” ಅಮ್ಮ ಕೇಳಿದರು.

“ಆಯ್ತಮ್ಮ.”

ಆ ಕಡೆ ಅಮ್ಮ ಉಸಿರು ಬಿಟ್ಟದ್ದು ಕೇಳಿಸಿತು. “ನಿಮ್ಮಪ್ಪ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಕೊಂಡು ಮಲಗಿದಾರೆ. ನಾಳೇನೂ ಬೇಗ ಏಳ್ಬೇಕಾ ಅಂತ ಕೇಳ್ತಿದಾರೆ.”

“ಬೇಡ,” ಎಂದೆ. “ಎಷ್ಟು ಹೊತ್ತು ಬೇಕಾದ್ರೂ ಮಲಗ್ಲಿ.”