ಲಾಡಬಿಯ ಬೀಜದ ಹಣ್ಣು

ಬೇಸಿಗೆ ಬಂತೆಂದರೆ ಕಲಾದಗಿಯ ಜನ ಹಣೆ ಚಚ್ಚಿಕೊಳ್ಳುತ್ತಿದ್ದರು. ಲಾಡಬಿ ಸೀರೆ ಎತ್ತಿ ಕಟ್ಟುತ್ತಿದ್ದಳು. ಘಟಪ್ರಭೆ ಸೊರಗಿ ಒಂದು ದಂಡೆಗೆ ಸರಿದು ನಡುಹೊಳೆಯಲ್ಲಿ ಉಸುಕು ಕಂಡರೆ ಸಾಕು, ಅವಳ ಮುಖಕ್ಕೆ ಎಲ್ಲಿಲ್ಲದ ಕಳೆ. ಗುದ್ದಲಿ ಬುಟ್ಟಿ ಹಿಡಿದು ಹೊಳೆಗೆ ಇಳಿದವಳು, ಮುಂಗಾರಿನ ಹೊಸನೀರು ಬಂದು ಅಟ್ಟುವ ತನಕ ಮೇಲೆ ಬರುತ್ತಿರಲಿಲ್ಲ. ಇಲಕಲ್ಲಿನ ನೇಕಾರರ ಮನೆಯಿಂದ ಈ ಊರಿಗೆ ಸೊಸೆಯಾಗಿ ಬಂದ ನನಗೆ ಇದು ಶುದ್ಧ ಹುಚ್ಚಾಗಿ ಕಂಡಿತ್ತು. ನಾನು ಮಗ್ಗದ ಕುಣಿಯ ತಂಪಿನಲ್ಲಿ ಬೆಳೆದವಳು. ಬಿಸಿಲೆಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

“ಒಮ್ಮಿ ಹೊಳಿಗೆ ಬಾ ಸತ್ಯವ್ವ. ಉಸುಕಿನ್ಯಾಗ ಕುಂತು ಒಂದು ಸೌತಿಕಾಯಿ ತಿನ್ನು. ಆಮ್ಯಾಲೆ ಬಿಸಲಿಗೆ ಬೈಯಾಕ ಬಾಯಿ ಖಾಲಿ ಇದ್ರ ಬೈ” ಎಂದಿದ್ದಳು ಲಾಡಬಿ, ನಾನು ಬಂದ ಮೊದಲನೆಯ ವರ್ಷವೇ. ಹೋದೆ, ತಿಂದೆ. ಅಂದಿನಿಂದ ಇಂದಿನವರೆಗೂ ನನ್ನ ಬಾಯಿ ಖಾಲಿಯಾಗಿಲ್ಲ.

ಅವಳ ಗಂಡ ಇಮಾಮಸಾಬ ಊರೂರು ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅವರಿಗೆ ಹೊಲವಿರಲಿಲ್ಲ, ಹೊಳೆಯೇ ಹೊಲ. ಉಸುಕಿನಲ್ಲಿ ಮೊಳಕಾಲುದ್ದ ಗುಂಡಿ ತೋಡಬೇಕು, ಹಸಿ ತಗಲಿದ ಕೂಡಲೆ ಕುರಿಗೊಬ್ಬರ ತುಂಬಬೇಕು, ಕಲ್ಲಂಗಡಿಯ ಬೀಜ ಊರಬೇಕು. ಪಕ್ಕದಲ್ಲೇ ಕೈಯಿಂದ ಉಸುಕು ಬಗೆದರೆ ತಿಳಿನೀರು ಒಸರುತ್ತದೆ. ಅದನ್ನು ತಂಬಿಗೆಯಲ್ಲಿ ಎತ್ತಿ ಬಳ್ಳಿಯ ಬುಡಕ್ಕೆ ಹನಿಸಬೇಕು. ಕೂಸಿಗೆ ಹಾಲು ಕುಡಿಸುವ ಹಾಗೆ, ಬೇಸರವಿಲ್ಲದೆ.

ಗೊಬ್ಬರ ಕೊಡುತ್ತಿದ್ದವಳು ಬೋರವ್ವ. ಬೀರಪ್ಪ ದೇವರ ಒಕ್ಕಲು, ಕುರಿಗಾರರ ಮನೆಯ ಹಿರಿಯಳು, ಲಾಡಬಿಗಿಂತ ಹತ್ತು ವರ್ಷ ದೊಡ್ಡವಳು. ಮಾತು ಕಡಿಮೆ. ನಕ್ಕರೆ ಮಾತ್ರ ಹೊಳೆಯ ಆಚೆ ದಂಡೆಗೆ ಕೇಳಬೇಕು. ಬೋರವ್ವನ ಕುರಿದೊಡ್ಡಿಯಿಂದ ಗೊಬ್ಬರ ಹೊಳೆಗೆ ಇಳಿಯುತ್ತಿತ್ತು, ಲಾಡಬಿಯ ಸೌತೆಕಾಯಿ ದೊಡ್ಡಿಗೆ ಏರುತ್ತಿತ್ತು. ಇದಕ್ಕೆಷ್ಟು ಅದಕ್ಕೆಷ್ಟು ಎಂದು ಇಬ್ಬರೂ ಯಾವತ್ತೂ ಕೇಳಿಕೊಂಡವರಲ್ಲ.

ಇವೆಲ್ಲದರ ಮೇಲೊಂದು ಹಬ್ಬವಿತ್ತು, ಯಾವ ಪಂಚಾಂಗದಲ್ಲೂ ಇಲ್ಲದ್ದು. ವೈಶಾಖದ ಆಗಿ ಹುಣ್ಣಿಮೆಯ ಸಂಜೆ ನಾವು ಗೆಳತಿಯರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಇಳಿಯುತ್ತಿದ್ದೆವು. ಕಟ್ಟಳೆ ಒಂದೇ: ಪೇಟೆಯದು ಏನೂ ಇರಬಾರದು, ನಿಮ್ಮ ಮನೆಯಲ್ಲಿ ಹುಟ್ಟಿದ್ದು ತರಬೇಕು. ಬೋರವ್ವನ ಸಜ್ಜೆರೊಟ್ಟಿ, ಕೆನೆಮೊಸರು. ನನ್ನ ಶೇಂಗಾ ಹೋಳಿಗೆ, ಗುರೆಳ್ಳು ಹಿಂಡಿ. ಹಿತ್ತಲಲ್ಲಿ ಒಂದು ಬದನೆಗಿಡ ಇದ್ದವಳು ಆ ಗಿಡದ ಎಣಗಾಯಿ ತರುತ್ತಿದ್ದಳು. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆಯುವ ಕೆಲಸ ಕಣ್ಣೀರಿನ ಭಯವಿಲ್ಲದ ನನ್ನದು. ಕಡೆಗೆ ಲಾಡಬಿ, ಒದ್ದೆ ಉಸುಕಿನಲ್ಲಿ ಬೆಳಗಿನಿಂದ ಹೂತಿಟ್ಟ ಕಲ್ಲಂಗಡಿಯನ್ನು ಅಗೆದು ತೆಗೆಯುತ್ತಿದ್ದಳು. ಆ ತಂಪು ಹಲ್ಲಿಗೆ ತಾಗಿದ ಕ್ಷಣಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಆ ಕಲ್ಲಂಗಡಿಯ ಬೀಜ ಲಾಡಬಿಯ ತಾಯಿಯದು. ಆಕೆ ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ಉಸುಕಿನಲ್ಲಿ ಬೆಳೆದು, ಮಗಳ ಮದುವೆಗೆ ಒಂದು ಗಡಿಗೆ ಬೀಜ ಕೊಟ್ಟು ಕಳಿಸಿದ್ದಳಂತೆ. ಬಂಗಾರ ಕೊಡಲು ಅವರಲ್ಲಿ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅಲ್ಲಿ ಯಾರೂ ಬಿತ್ತಲಿಲ್ಲ. ತಳಿ ಉಳಿದದ್ದು ಲಾಡಬಿಯ ಗಡಿಗೆಯಲ್ಲಿ ಮಾತ್ರ.

ಎಪ್ಪತ್ತೆಂಟನೆಯ ಇಸವಿಯ ಬಿತ್ತನೆಗೆ ಅವಳು ಗಡಿಗೆಯ ಬಾಯಿ ಬಿಚ್ಚಿದರೆ, ಇಲಿಗಳು ತಿಂದು ಬರೀ ಸಿಪ್ಪೆ ಬಿಟ್ಟಿದ್ದವು. ತಳದ ಬೂದಿಯಲ್ಲಿ ಐದಾರು ಕಾಳು ಉಳಿದಿದ್ದವು. ಅವುಗಳಲ್ಲಿ ಹುಟ್ಟಿದ್ದು ಒಂದೇ ಬಳ್ಳಿ. ಉಳಿದ ಗುಂಡಿಗಳಿಗೆಲ್ಲ ಬಾಗಲಕೋಟೆಯ ಸಂತೆಯ ಬೀಜ. ಆ ಒಂದು ಬಳ್ಳಿಯಲ್ಲಿ ಒಂದೇ ಕಾಯಿ ಬಿಟ್ಟು ಮಿಕ್ಕ ಹೀಚುಗಳನ್ನೆಲ್ಲ ಲಾಡಬಿ ಚಿವುಟಿ ಹಾಕಿದಳು, ಸತ್ವವೆಲ್ಲ ಆ ಒಂದಕ್ಕೇ ಇಳಿಯಲೆಂದು. ಅದು ಬೀಜದ ಹಣ್ಣು, ತಿನ್ನುವಂತಿಲ್ಲ, ಮಾರುವಂತಿಲ್ಲ. ಯಾರೂ ತಪ್ಪಿ ಕೀಳದಿರಲೆಂದು ಗುರುತು ಮಾಡಬೇಕಲ್ಲ. ಸುಣ್ಣ ಬಳಿದರೆ ಎಳೆಯ ಸಿಪ್ಪೆ ಸುಟ್ಟೀತೆಂದು ಅರಿಸಿನದ ನೀರಿನಲ್ಲಿ ಮೂರು ಬೆರಳು ಅದ್ದಿ ಎಳೆದಳು.

“ನಮ್ಮವ್ವನ ಕೈಯಾಂದು ಉಳಿದಿದ್ದು ಇದೊಂದ ನೋಡ” ಎಂದು ಅದರ ಮೇಲೆ ಒಣಹುಲ್ಲು ಹೊದಿಸುತ್ತಿದ್ದಳು. ಅದರ ಜೊತೆ ಮಾತಾಡುತ್ತಿದ್ದಳು ಕೂಡ. ಮುಂದಿನ ವರ್ಷದ ಹುಣ್ಣಿಮೆಗೆ ಈ ತಳಿಯ ಎಷ್ಟು ಹಣ್ಣು ಹೂಳಬೇಕೆಂದು ಇಬ್ಬರೂ ಕೂತು ಗೊತ್ತು ಮಾಡಿಯೂ ಬಿಟ್ಟೆವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಹುಣ್ಣಿಮೆಗೆ ಇನ್ನೂ ಇಪ್ಪತ್ತು ದಿನವಿತ್ತು. ಹುನಗುಂದದಲ್ಲಿ ಲಾಡಬಿಯ ತಂಗಿಯ ಮಗಳ ನಿಕಾಹ್ ಬಂತು. ಬೋರವ್ವ ಕುರಿಹಿಂಡಿನ ಜೊತೆ ಚಳಿಗಾಲದಿಂದ ಊರ ಮೇಲೆ ಊರು ಅಲೆದು ಆಗಷ್ಟೇ ಮರಳಿದ್ದಳು. ಇಲಿಯ ಕಥೆ, ಒಂಟಿ ಬಳ್ಳಿಯ ಕಥೆ ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನ ಗಡಿಬಿಡಿಯಲ್ಲಿ ಲಾಡಬಿ ಹೇಳಿದ್ದು ಇಷ್ಟೇ: “ಯಕ್ಕಾ, ನರಿ ಬಂದಾವು. ಹೊಳಿ ಕಡೆ ಲಕ್ಷ್ಯ ಇರಲಿ.”

ಬೋರವ್ವ ನರಿ ಕಾಯ್ದಳು. ಕಾಯುತ್ತ ಅಡ್ಡಾಡುವಾಗ ಹುಲ್ಲಿನ ಕೆಳಗಿನ ಹಣ್ಣು ಕಣ್ಣಿಗೆ ಬಿತ್ತು. ಮೂರು ಬೆರಳಿನ ಹಳದಿ ಗೆರೆ. ಬೀರಪ್ಪನ ಒಕ್ಕಲಿನವರಿಗೆ ಹಳದಿಯೆಂದರೆ ಭಂಡಾರ, ದೇವರ ಅರಿಸಿನ. ಭಂಡಾರ ಹಚ್ಚಿದ್ದು ದೇವರ ಮೀಸಲು. ಹಣ್ಣಿನ ತೊಟ್ಟಿನ ಪಕ್ಕದ ಕುಡಿ ಒಣಗಿತ್ತು, ಅಂದರೆ ಹಣ್ಣಾಗಿದೆ. ಮಾಗಿದ ಮೀಸಲನ್ನು ಬಳ್ಳಿಯಲ್ಲೇ ಬಿಟ್ಟು ನರಿ ಬಾಯಿ ಹಾಕಿದರೆ ಗತಿಯೇನು? ಮರುದಿನವೇ ಅಮಾವಾಸ್ಯೆ. ಬೋರವ್ವ ಮಿಂದು, ಮಡಿಯುಟ್ಟು, ಹಣ್ಣನ್ನು ತಲೆಯ ಮೇಲೆ ಹೊತ್ತು ಬೀರಪ್ಪನ ಗುಡಿಗೆ ನಡೆದಳು.

ಗುಡಿಯಲ್ಲಿ ನಾನೂ ಇದ್ದೆ, ಅತ್ತೆಯ ಜೊತೆ. ಪೂಜಾರಿ ಕಾಶಪ್ಪ ಹಣ್ಣನ್ನು ನಮ್ಮ ಬೆನ್ನ ಹಿಂದೆ ಯಾವಾಗ ಕೊಯ್ದನೋ, ಹೋಳು ಕೈಗೆ ಬಂತು. ಬಾಯಿಗಿಟ್ಟೆ. ಸಕ್ಕರೆಯಲ್ಲ, ಜೇನಲ್ಲ, ಮೈಯೊಳಗೆ ಹೊಳೆಯೇ ಹರಿದಂತಾಯಿತು. ಎರಡು ಸಲ ಕೈಯೊಡ್ಡಿ ಕೇಳಿ ತಿಂದೆ, ಬೀಜ ನುಂಗಿದ್ದೂ ತಿಳಿಯಲಿಲ್ಲ. ಆಮೇಲೆ, “ಇಷ್ಟು ಚಲೋ ಹಣ್ಣು ಎಲ್ಲಿಂದ್ರಿ ಯಕ್ಕಾ?” ಎಂದು ಬೋರವ್ವನನ್ನು ಕೇಳಿದೆ.

“ನಮ್ಮ ಲಾಡಬೀದು” ಎಂದಳು ಬೋರವ್ವ, ಮುಖ ಅರಳಿಸಿ. “ಬೀರಪ್ಪಗಂತ ಭಂಡಾರ ಹಚ್ಚಿಟ್ಟಿದ್ಲು.”

ನನ್ನ ಕೈಯಲ್ಲಿದ್ದ ಸಿಪ್ಪೆ ಜಾರಿತು. ಇದ್ದ ಸಂಗತಿ ಹೇಳಿದೆ. ಬೋರವ್ವ ಗುಡಿಯ ಕಟ್ಟೆ ಹಿಡಿದು ಕೂತುಬಿಟ್ಟಳು. ನಾನು ಅಂಗಳದಲ್ಲಿ ಮೊಳಕಾಲೂರಿ ಬೀಜ ಹುಡುಕಿದೆ, ಒಂದೂ ಇಲ್ಲ. ಕಾಶಪ್ಪನಂತೂ ಎದೆಯುಬ್ಬಿಸಿ, “ಪ್ರಸಾದ ಉಗುಳತಾರೇನವ್ವ? ನಾ ಅಷ್ಟೂ ನುಂಗೇನಿ” ಎಂದ. ನನಗೆ ಅವನ ಹೊಟ್ಟೆಯನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಊರಿಗೆ ಮಾತು ಬೇಕಿತ್ತು, ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಕಟ್ಟೆಯ ಮೇಲಿನವರು ಆಡಿಕೊಂಡರು. ಲಾಡಬಿ ಬರುವ ದಿನ ಬೋರವ್ವ ಬಸ್ಸಿನ ಹತ್ತಿರ ಹೋಗಿ ನಿಂತು, ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಿದಳು.

“ನೀ ಬೀರಪ್ಪಗ ಬೇಡ್ಕೊಂಡಿದ್ಯಲ್ಲ ತಂಗಿ, ಅದಕ್ಕ ಅಂತ ತಿಳಕೊಂಡೆ. ನನ್ನ ತಪ್ಪಾತು.”

ಲಾಡಬಿ ಗಂಟನ್ನು ಜೊತೆಗಿದ್ದ ನನ್ನ ಕೈಗೆ ಕೊಟ್ಟು ನೇರ ಹೊಳೆಗೆ ಹೋದಳು. ಕೊಯ್ದ ತೊಟ್ಟನ್ನು ಮುಟ್ಟಿ ನೋಡುತ್ತ ಬಹಳ ಹೊತ್ತು ಕೂತಳು. ಅಂದಿನಿಂದ ಬಳ್ಳಿಗಳಿಗೆ ನೀರು ಹನಿಸುತ್ತಿದ್ದಳು, ಮನೆಗೆ ಬರುತ್ತಿದ್ದಳು. ಬೋರವ್ವನ ಓಣಿಯ ಕಡೆ ತಿರುಗಲಿಲ್ಲ. ಹುಣ್ಣಿಮೆಯ ಬುತ್ತಿಯ ಮಾತೆತ್ತಿದರೆ, “ನೀವು ಹೋಗಿ ಬರ್ರಿ” ಎನ್ನುತ್ತಿದ್ದಳು. ಅವಳಿಲ್ಲದ ಹೊಳೆಯೂಟ ಎಂಥದ್ದು? ನನಗೆ ದುಃಖವಾಯಿತು, ದುಃಖಕ್ಕಿಂತ ಹೆಚ್ಚು ಸಿಟ್ಟು ಬಂತು, ಇಲಿಗಳ ಮೇಲೆ.

ಒಂದು ಸೋಮವಾರ ಬೆಳಿಗ್ಗೆ ದೇವರ ಜಗಲಿ ಒರೆಸುತ್ತಿದ್ದೆ. ಬೀರಪ್ಪನ ಭಂಡಾರದ ಚೀಲದ ಪಕ್ಕ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಹಳದಿ ಮೆತ್ತಿದ ನಾಲ್ಕು ಕರಿಬೀಜ.

“ಅತ್ತಿ, ಇವು ಯಾವು?” ಎಂದೆ.

“ಅಮಾಸಿ ಪ್ರಸಾದದ್ದು” ಎಂದರು ಅತ್ತೆ. “ನನಗ ನುಂಗಾಕ ಆಗಂಗಿಲ್ಲ, ಗಂಟಲಾಗ ಸಿಗತಾವು. ಹಂಗಂತ ತುಳಿಯೂ ಜಾಗಾದಾಗ ಒಗೀಲೇನ? ಉಡ್ಯಾಗ ಕಟಿಗೊಂಡು ಬಂದು ಜಗಲಿ ಮ್ಯಾಲೆ ಇಟ್ಟೀನಿ. ಎಲ್ಲಾರೂ ಇಟ್ಟಿರತಾರ.”

ಎಲ್ಲರೂ ಇಟ್ಟಿರುತ್ತಾರೆ. ನಾನು ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದೆ. ನೆತ್ತಿ ಸುಡುವ ಬಿಸಿಲು, ಕಾಲಲ್ಲಿ ಚಪ್ಪಲಿಯಿಲ್ಲ, ಯಾವುದೂ ನೆನಪಿಲ್ಲ. ಪಕ್ಕದ ಮನೆಯ ಹನಮವ್ವನ ಜಗಲಿಯಲ್ಲಿ ಎರಡು, ಅವಳ ನೆಗೆಣ್ಣಿಯ ಕುಂಕುಮದ ಭರಣಿಯಲ್ಲಿ ಐದು. ಒಬ್ಬಳು ತುಳಸಿಗೇರಿ ಹನುಮಪ್ಪನ ಪಟದ ಹಿಂದೆ ಸಿಕ್ಕಿಸಿದ್ದಳು. ಹುಣ್ಣಿಮೆಯ ದಿನ ಹೊಳೆಗೆ ತನ್ನಿರೆಂದು ಎಲ್ಲರಿಗೂ ಹೇಳಿದೆ. ಕಡೆಗೆ ಬೋರವ್ವನ ಮನೆ. ಸಂಗತಿ ಕೇಳಿ ಅವಳು ನನ್ನ ಕೈ ಹಿಡಿದಳು, ಬಿಡಲೇ ಇಲ್ಲ. “ಹುಣ್ಣಿವಿ ದಿನ ನೀವೂ ಬರ್ರಿ. ಎಲ್ಲಾರೂ ಬೀಜ ತರತಾರ” ಎಂದೆ. ಅವಳು ತಲೆಯಲ್ಲಾಡಿಸಿದಳು. “ಆಕಿ ಕರೀದ ನಾ ಹೆಂಗ ಬರಲಿ?”

ನಾನು ಸೀದಾ ಲಾಡಬಿಯ ಮನೆಗೆ ಹೋಗಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಆದರೆ ಮುಖದ ಗಂಟು ಬಿಚ್ಚಲಿಲ್ಲ. “ಬೀಜ ಸಿಕ್ಕಾವು, ಖರೆ. ಪೂರಾ ಬಲತಿರಲಿಲ್ಲ ಅವು. ಇನ್ನೂ ವಾರ ಬಳ್ಳಿ ಮ್ಯಾಲೆ ಇರಬೇಕಾಗಿತ್ತು. ಮ್ಯಾಲೆ ಆಕಿ ನಾ ಬೇಡ್ಕೊಂಡೀನಿ ಅಂತಾಳ. ನಾ ಯಾವಾಗ ಬೇಡ್ಕೊಂಡೆ?”

ಮೂಲೆಯಲ್ಲಿ ತಿದಿ ಹೊಲಿಯುತ್ತಿದ್ದ ಇಮಾಮಸಾಬ ತಲೆಯೆತ್ತಿದ. “ಬೇಡ್ಕೊಂಡಿದ್ದಿ” ಎಂದ. “ಹ್ವಾದ ಮಳಿಗಾಲದಾಗ ನನಗ ಜ್ವರ ಬಂದಾಗ. ಬೋರವ್ವ ಬಂದು ನನ್ನ ಹಣಿಗೆ ಭಂಡಾರ ಹಚ್ಚಿದ್ಲು. ‘ಇವರು ಎದ್ದು ಕುಂತ್ರ ನಿಮ್ಮ ಬೀರಪ್ಪಗ ಹೊಳ್ಯಾಂದು ಚಲೋ ಹಣ್ಣು ಕೊಡ್ತೇನಿ’ ಅಂದಿ. ನನಗ ಮೈ ಸುಡತಿತ್ತು, ಕಿವಿ ಕೇಳತಿದ್ದವು.”

ಲಾಡಬಿ ಹಿಟ್ಟಿನ ಕೈಯಲ್ಲೇ ಕೂತಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ತಿರುವಲಿಲ್ಲ.

“ನಾ ಮರತಿದ್ದೆ” ಎಂದಳು ಕಡೆಗೆ. “ಆಕಿ ಮರೀಲಿಲ್ಲ ನೋಡ.”

ಕೈ ತೊಳೆಯದೆ ಎದ್ದು ಹೊರಟಳು. ನಾನು ಹಿಂದೆ ಓಡಿದೆ. ಬೋರವ್ವನ ಬಾಗಿಲಲ್ಲಿ ನಿಂತು, “ಯಕ್ಕಾ, ಹುಣ್ಣಿವಿಗೆ ಸಜ್ಜಿರೊಟ್ಟಿ ಜಾಸ್ತಿ ಮಾಡು. ಹ್ವಾದ ವರ್ಷ ಸತ್ಯವ್ವ ಒಬ್ಬಾಕಿನ ಅಷ್ಟೂ ತಿಂದ್ಲು” ಎಂದಳು. ನಾನು ಆ ಅಪವಾದವನ್ನು ಸಂತೋಷದಿಂದ ಹೊತ್ತುಕೊಂಡೆ. ಬೋರವ್ವ ಅತ್ತಳು, ಆಮೇಲೆ ನಕ್ಕಳು. ಆ ನಗೆ ಓಣಿಯ ತುದಿಗೆ ಕೇಳಿತು.

ಹುಣ್ಣಿಮೆಯ ಸಂಜೆ ಹೊಳೆಗೆ ಇಳಿದ ಹೆಂಗಸರನ್ನು ನೋಡಬೇಕಿತ್ತು. ಹಿಂದೆಂದೂ ಬಾರದವರೂ ಬಂದಿದ್ದರು, ಸೆರಗಿನಲ್ಲಿ ಗಂಟು, ತಲೆಯ ಮೇಲೆ ಬುತ್ತಿ. ಯಾರೂ ಬುತ್ತಿ ಬಿಚ್ಚಲಿಲ್ಲ. ಲಾಡಬಿ ಹಿತ್ತಾಳೆಯ ಪರಾತದಲ್ಲಿ ಒಸರಿನ ನೀರು ತುಂಬಿದಳು. ಬಲಿತ ಬೀಜ ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಎಲ್ಲರ ತಲೆಗಳೂ ಪರಾತದ ಮೇಲೆ ಬಗ್ಗಿದವು. ಲಾಡಬಿ ಮೊದಲಿನ ಬೀಜವನ್ನು ಬೋರವ್ವನ ಕೈಯಿಂದಲೇ ಹಾಕಿಸಿದಳು.

ತೇಲಿತು. ಬೋರವ್ವ ಕಣ್ಣು ಮುಚ್ಚಿದಳು. ಎರಡನೆಯದೂ ತೇಲಿತು. ಮೂರನೆಯದು ಒಂದು ಗಳಿಗೆ ನೀರಿನ ಮೇಲೆ ನಿಂತು, ಓರೆಯಾಗಿ, ತಳಕ್ಕೆ ಇಳಿದು ಕೂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹಾಕಿದವುಗಳಲ್ಲಿ ಕೆಲವು ತೇಲಿದವು, ಬಹಳಷ್ಟು ಮುಳುಗಿದವು. ಹಿತ್ತಾಳೆಯ ತಳದಲ್ಲಿ ಕರಿಕರಿಯಾಗಿ ಕೂತ ಅವುಗಳನ್ನು ನೋಡುತ್ತ ಯಾರೋ ಚಪ್ಪಾಳೆ ತಟ್ಟಿದರು, ನಾನೇ ಇರಬೇಕು.

ಲಾಡಬಿ ಮುಳುಗಿದ ಬೀಜಗಳನ್ನು ಬಾಚಿಕೊಂಡಳು. ಎಲ್ಲವನ್ನೂ ಉಡಿಗೆ ಹಾಕಿಕೊಳ್ಳುವಳೆಂದು ನಾವು ತಿಳಿದಿದ್ದೆವು. ಅವಳು ಒಂದೊಂದು ಚಿಟಿಕೆಯಷ್ಟು ತೆಗೆದು ಒಬ್ಬೊಬ್ಬರ ಸೆರಗಿಗೆ ಹಾಕತೊಡಗಿದಳು.

“ನನ್ನ ಗಡಿಗ್ಯಾಗ ಇಲಿ ಹೊಗತಾವು” ಎಂದಳು. “ನಿಮ್ಮ ಜಗಲಿ ಮ್ಯಾಲೆ ಇರಲಿ. ಬಿತ್ತೂ ಹೊತ್ತಿಗೆ ತಂದು ಕೊಡ್ರಿ.”

ಆಮೇಲೆ ಬುತ್ತಿ ಬಿಚ್ಚಿದೆವು. ಆ ಸಲ ಹೂತಿಟ್ಟಿದ್ದ ಕಲ್ಲಂಗಡಿಗಳು ಸಂತೆಯ ಬೀಜದವು, ರುಚಿ ಸಾಧಾರಣ. ಆದರೂ ಅಷ್ಟು ಹೊಟ್ಟೆತುಂಬ ತಿಂದ, ಅಷ್ಟು ನಕ್ಕ ಇನ್ನೊಂದು ಸಂಜೆ ನನ್ನ ನೆನಪಿನಲ್ಲಿಲ್ಲ.

ಮುಂದಿನ ಬೇಸಿಗೆಗೆ ಅವ್ವನ ಬೀಜದ ಬಳ್ಳಿ ಉಸುಕಿನ ತುಂಬ ಹಬ್ಬಿತು. ಮೊದಲು ಮಾಗಿದ ಹಣ್ಣಿನ ಮೇಲೆ ಲಾಡಬಿ ಅರಿಸಿನದಲ್ಲಿ ಮೂರು ಬೆರಳು ಎಳೆದು, ಬೋರವ್ವನನ್ನು ಕರೆಸಿದಳು. ಬೋರವ್ವ ಹಣ್ಣನ್ನು ನೋಡಿದಳು, ಲಾಡಬಿಯನ್ನು ನೋಡಿದಳು, ಹಣ್ಣಿನಿಂದ ನಾಲ್ಕು ಹೆಜ್ಜೆ ದೂರವೇ ನಿಂತಳು.

“ಇದು ಬೀಜದ್ದೋ, ಬೀರಪ್ಪಂದೋ? ಬಾಯಿಬಿಟ್ಟು ಹೇಳವ್ವ.”

“ಎರಡೂ” ಎಂದಳು ಲಾಡಬಿ. “ಗುಡಿಗೆ ಒಯ್ಯಿ. ಎಲ್ಲಾರಿಗೂ ಹಂಚು. ಕಾಶಪ್ಪಗ ಮಾತ್ರ ನೀನ ಬೀಜ ತಗದು ಕೊಡು.”