ಅಮ್ಮನ ಬಲಗೈ, ನಾನು ತುಂಬಿದ ಫಾರಂ

ನಮ್ಮ ಮನೆಯಲ್ಲಿ ಡಿಗ್ರಿ ಓದಿ ಟೀಚರ್ ಆದವಳು ನಾನೊಬ್ಬಳೇ. ಹಾಗಾಗಿ ಎಲ್ಲಿ ಫಾರಂ ಕೊಟ್ಟರೂ ತುಂಬುವುದು ನಾನೇ. ಅಮ್ಮನ ಕೈ ತೋರಿಸಲು ಕೋಲಾರದ ಆಸ್ಪತ್ರೆಗೆ ಹೋದ ದಿನವೂ ನಾನೇ ತುಂಬಿದ್ದೆ.

ಕ್ಯಾಲನೂರಿನ ನಮ್ಮ ಮನೆಯಲ್ಲಿ ಮೂರು ಸೀಮೆಹಸು. ನೀರು ಕುಡಿಸುವಾಗ ಒಂದು ಬೆದರಿ ಎಳೆಯಿತು. ಹಗ್ಗ ಅಮ್ಮನ ಬಲಗೈಗೆ ಸುತ್ತಿಕೊಂಡು ಮಣಿಕಟ್ಟು ತಿರುಚಿತು. ಎಕ್ಸ್‌ರೇ ತೆಗೆದು, ಮೂಳೆ ಸರಿಯಾಗಿದೆ, ಉಳುಕು ಅಷ್ಟೇ ಎಂದು ಬೆಲ್ಟ್ ಕೊಟ್ಟರು. ನಾಲ್ಕು ತಿಂಗಳು ಅದೇ ಬೆಲ್ಟು, ಅದೇ ಮುಲಾಮು. ಕೆಚ್ಚಲಿಗೆ ಕೈ ಹಾಕಿದರೆ ಅಮ್ಮನ ಕಣ್ಣಲ್ಲಿ ನೀರು. ನಾನು ಜಗಳವಾಡಿ ಸ್ಕ್ಯಾನ್ ಬರೆಸಿದ ಮೇಲೆ ಗೊತ್ತಾಯಿತು, ಒಳಗೆ ಲಿಗಮೆಂಟ್ ಹರಿದಿತ್ತು.

ಆಮೇಲೂ ಡಾಕ್ಟರು ಹೇಳಿದ್ದೇನು? "ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಹೊಲಿಯೋ ಆಪರೇಷನ್ ಇದೆ. ಆದ್ರೆ ಅದೆಲ್ಲ ಆಟ ಆಡೋ ಹುಡುಗ್ರಿಗಮ್ಮ. ಇವ್ರದ್ದು ಮನೆ ಕೆಲ್ಸ ತಾನೆ? ಬೆಲ್ಟಲ್ಲೇ ನಡೀತದೆ."

ನನಗೆ ಮೈಯೆಲ್ಲ ಉರಿಯಿತು. "ಮನೆ ಕೆಲ್ಸ ಅಂತ ಯಾರ್ ಸಾರ್ ಹೇಳಿದ್ದು?"

ಅವರು ಫೈಲನ್ನು ನನ್ನ ಕಡೆ ತಿರುಗಿಸಿದರು. ಉದ್ಯೋಗ: ಗೃಹಿಣಿ. ನನ್ನದೇ ದುಂಡನೆಯ ಅಕ್ಷರ. ಎರಡು ಹೊತ್ತೂ ಹಾಲು ಕರೆದು, ಡೈರಿಗೆ ಹಾಕಿ, ನನ್ನನ್ನು ಓದಿಸಿದವಳ ಬಗ್ಗೆ ಒಂದು ಕ್ಷಣವೂ ಯೋಚಿಸದೆ ಬರೆದಿದ್ದೆ.

ಅಮ್ಮ ಮೆಲ್ಲಗೆ ಬೆಲ್ಟ್ ಬಿಚ್ಚಿದಳು. "ಸ್ವಾಮಿ, ನಿಮ್ ಎರಡು ಬೆರಳು ಕೊಡಿ ಇಲ್ಲಿ."

ಡಾಕ್ಟರು ನಗುತ್ತ ಕೊಟ್ಟರು. ಎಡಗೈಯಲ್ಲಿ ಹಿಡಿದು ಹಾಲು ಕರೆಯುವಂತೆ ಒಮ್ಮೆ ಹಿಂಡಿದಳು. ಅವರ ನಗು ನಿಂತಿತು. ಆಮೇಲೆ ಬಲಗೈಯಲ್ಲಿ ಹಿಡಿದಳು. ಬಿಗಿ ಮಾಡುವ ಮೊದಲೇ ಕೈ ಜಾರಿ ಮಡಿಲಿಗೆ ಬಿತ್ತು.

"ಒಂದ್ ಕೈಯಲ್ಲೇ ಮೂರು ಹಸು ಕರೀತಾ ಇದೀನಿ. ಅದೂ ಹೋದ್ರೆ ಈ ಟೀಚರಮ್ಮ ಬಂದು ಕರೀತಾಳಾ? ಇವಳು ಹತ್ರ ಹೋದ್ರೆ ಒದೀತವೆ."

ಡಾಕ್ಟರು ಆಪರೇಷನ್ ಬರೆದರು. "ಮೊದ್ಲೇ ಹೇಳ್ಬೇಕಿತ್ತಮ್ಮ" ಎಂದರು. ಹೇಳಬೇಕಿತ್ತಂತೆ! ನಾಲ್ಕು ತಿಂಗಳಲ್ಲಿ ಒಂದು ಸಲ ಕೇಳಬಹುದಿತ್ತಲ್ಲ. ಗೃಹಿಣಿಯೇ ಆಗಿದ್ದರೂ ಏನು, ಮುದ್ದೆ ತಿರುವುವುದಕ್ಕೆ ಕೈ ಬೇಡವೇ? ನನ್ನ ತಪ್ಪು ಒಂದು ಪದದ್ದು. ಆ ಪದ ನೋಡಿ ಕೈಗೆ ಬೆಲೆ ಕಟ್ಟಿದ್ದು ಯಾರ ತಪ್ಪು? ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆಪರೇಷನ್ ಆಯಿತು. ಕೆಲವು ವಾರ ಪಟ್ಟಿ, ಆಮೇಲೆ ಚೆಂಡು ಹಿಂಡುವ ವ್ಯಾಯಾಮ. ಅಷ್ಟು ದಿನವೂ ಹಾಲು ಕರೆದವಳು ಪಕ್ಕದ ಮನೆಯ ಚಿಕ್ಕಮ್ಮ.

ಕಳೆದ ವಾರ ತಪಾಸಣೆಗೆ ಹೋದಾಗ ಮತ್ತೆ ಫಾರಂ ಕೊಟ್ಟರು. ಬೆಳಿಗ್ಗೆ ಎರಡೂ ಕೈಯಲ್ಲಿ ಹಾಲು ಕರೆದು ಬಂದಿದ್ದ ಅಮ್ಮ ಪಕ್ಕದಿಂದ ಬಗ್ಗಿ ನೋಡಿದಳು.

"ಈ ಸಲ ಏನ್ ಬರೀತೀಯೇ?"

"ಹೈನುಗಾರಿಕೆ."

"ಹಂಗಂದ್ರೆ?"

"ಹಸು ಸಾಕೋದು, ಹಾಲು ಕರೆಯೋದು."

"ಅದನ್ನೇ ಬರಿ. ಅವ್ರಿಗೂ ಅರ್ಥ ಆಗ್ಲಿ."